ಕುಡಿತ ಬಿಟ್ಟವನ ಹೆಸರು ಯಾರಿಗೆ ಬೇಕು?

ಮದ್ಯವರ್ಜನ ಶಿಬಿರದ ಸಮಾರೋಪದ ಮರುದಿನ ಪ್ರಾದೇಶಿಕ ಪುಟಗಳಲ್ಲಿ ಬರುವ ಫೋಟೋ ನಮಗೆಲ್ಲ ಪರಿಚಿತ. ವೇದಿಕೆಯಲ್ಲಿ ದೀಪ, ಶಾಲು, ಗಣ್ಯರು. ಕೆಳಗೆ ಸಾಲಾಗಿ ಕುಳಿತ ಗಂಡಸರು, ಹಿಂದಿನ ಸಾಲಿನಲ್ಲಿ ಅವರ ಹೆಂಡತಿಯಂದಿರು. ವರದಿಯಲ್ಲಿ ಗಣ್ಯರ ಹೆಸರು ಇಷ್ಟುದ್ದ ಇರುತ್ತದೆ, ಕುಡಿತ ಬಿಟ್ಟವರ ಹೆಸರು ಹೆಚ್ಚಾಗಿ ಇರುವುದಿಲ್ಲ. ಆದರೆ ಮುಖ ಇರುತ್ತದೆ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಪೆರ್ಲದಲ್ಲೋ ಮುಖ ಕಂಡರೆ ಸಾಕು, ಹೆಸರು ಯಾಕೆ ಬೇಕು? ಇಂಥವರ ಮಗ, ಇಂಥ ತೋಟದವ, ಇಂಥವರ ಅಳಿಯ ಅಂತ ಹೋಟೆಲಿನಲ್ಲಿ ಚಹಾ ಆರುವ ಮೊದಲೇ ಪತ್ತೆಯಾಗುತ್ತದೆ.

ಆ ಫೋಟೋದಲ್ಲಿ ಕುಳಿತವರಲ್ಲಿ ಅನೇಕರಿಗೆ ಅದರ ಬಗ್ಗೆ ತಕರಾರು ಇರಲಿಕ್ಕಿಲ್ಲ. ಹತ್ತು ವರ್ಷ ಊರಿನ ಬೈಗುಳ ತಿಂದವನಿಗೆ ಒಂದು ಶಾಲು, ನಾಲ್ಕು ಜನರ ಚಪ್ಪಾಳೆ ಸಿಕ್ಕಿದರೆ ಹೆಮ್ಮೆ ಆಗುವುದು ಸಹಜವೇ. ಪ್ರಶ್ನೆ ಇರುವುದು ಫೋಟೋದಲ್ಲಿ ಇಲ್ಲದವರ ಬಗ್ಗೆ. ಫೋಟೋ ತೆಗೆಯುತ್ತಾರೆ ಅಂತ ಗೊತ್ತಾಗಿಯೇ ಶಿಬಿರದ ಬಾಗಿಲಿನ ತನಕ ಬಂದು ಹಿಂದೆ ಹೋದವರು, ಬಾಗಿಲಿನ ತನಕವೂ ಬಾರದವರು ಎಷ್ಟು ಮಂದಿ ಇರಬಹುದು? ಅದನ್ನು ಲೆಕ್ಕ ಹಾಕಿದವರಿಲ್ಲ. ಬಾರದವರ ಪಟ್ಟಿ ಯಾರ ಹತ್ತಿರವೂ ಇರುವುದಿಲ್ಲವಲ್ಲ.

ಗಡಿನಾಡಿನಲ್ಲಿ ಈ ಪ್ರಶ್ನೆಗೆ ತೂಕ ಸ್ವಲ್ಪ ಜಾಸ್ತಿ. ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಷೇಧವಾಯಿತು, ಕರ್ನಾಟಕದಲ್ಲಿ 2007ರಲ್ಲಿ. ಎರಡೂ ಕಡೆ ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಆಚೆ ಕಡೆಯ ಅಗ್ಗದ ಮದ್ಯದ ಪ್ಯಾಕೆಟು ಈಚೆ ಬರುವುದು, ಅಬಕಾರಿಯವರು ಹಿಡಿಯುವುದು, 'ಕರ್ನಾಟಕ ಮದ್ಯ ವಶ' ಎಂಬ ಎರಡು ಕಾಲಂ ಸುದ್ದಿ, ಇದು ನಮ್ಮ ಕಡೆ ಪಂಚಾಂಗದಷ್ಟೇ ನಿತ್ಯದ್ದು. ಈಗ ಅದರ ಜತೆಗೆ ಎಂಡಿಎಂಎ ಸೇರಿಕೊಂಡಿದೆ. 2025ರಲ್ಲಿ ಕೇರಳ ಪೊಲೀಸರು 'ಆಪರೇಷನ್ ಡಿ-ಹಂಟ್' ಹೆಸರಿನಲ್ಲಿ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದ ಮೇಲೆ ಎಷ್ಟು ಗ್ರಾಂ ಸಿಕ್ಕಿತು, ಎಷ್ಟು ಮಂದಿ ಸೆರೆಯಾದರು ಎಂಬ ಲೆಕ್ಕ ದಿನವೂ ಬಂತು. ಹಿಡಿಯುವುದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡಬೇಕು ಅಂತ ಮನಸ್ಸು ಮಾಡಿದ ಇಪ್ಪತ್ತೆರಡರ ಹುಡುಗ ಯಾರ ಕಣ್ಣಿಗೂ ಬೀಳದೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಆ ಲೆಕ್ಕದ ಕೆಳಗೆ ಸಿಕ್ಕಿಹಾಕಿಕೊಂಡಿದೆ.

ಹೆಸರಿಲ್ಲದವರ ಸಂಘ

ಇದಕ್ಕೆ ಜಗತ್ತು ಕಂಡುಕೊಂಡ ಒಂದು ಉತ್ತರ 'ಆಲ್ಕೊಹಾಲಿಕ್ಸ್ ಅನಾನಿಮಸ್', ಚುಟುಕಾಗಿ ಎ.ಎ. ಕನ್ನಡದಲ್ಲಿ ಹೇಳುವುದಾದರೆ ಅನಾಮಧೇಯ ಮದ್ಯವ್ಯಸನಿಗಳು. 1935ರ ಜೂನ್‌ನಲ್ಲಿ ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಇಬ್ಬರಿಂದ ಶುರುವಾದದ್ದು. ಒಬ್ಬ ನ್ಯೂಯಾರ್ಕಿನ ಶೇರುಪೇಟೆಯ ಬಿಲ್ ವಿಲ್ಸನ್, ಇನ್ನೊಬ್ಬ ಅದೇ ಊರಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕುಡುಕನನ್ನು ಕುಡುಕನೇ ಅರ್ಥ ಮಾಡಿಕೊಳ್ಳಬಲ್ಲ, ಬೇರೆಯವರ ಉಪದೇಶ ಅವನ ಕಿವಿಗೆ ಹೋಗುವುದಿಲ್ಲ ಎಂಬುದೇ ಅದರ ಮೂಲ ವಿಚಾರ. ಹೆಸರು ಹೇಳದಿರುವ ಪದ್ಧತಿ ಯಾಕೆ ಬಂತು ಅಂತ ಊಹಿಸುವುದು ಕಷ್ಟವಲ್ಲ. ಶಸ್ತ್ರವೈದ್ಯನೊಬ್ಬ ಕುಡುಕ ಅಂತ ಊರಿಗೆ ಗೊತ್ತಾದರೆ ಅವನ ಕತ್ತಿಗೆ ಯಾವ ರೋಗಿ ಮೈಯೊಡ್ಡುತ್ತಾನೆ?

1939ರಲ್ಲಿ ಇವರ ಪುಸ್ತಕ ಪ್ರಕಟವಾಯಿತು; ಸಂಘಕ್ಕೆ ಹೆಸರು ನಿಂತದ್ದು ಆ ಪುಸ್ತಕದಿಂದಲೇ. ಮರುವರ್ಷವೇ ಒಂದು ಪರೀಕ್ಷೆ ಎದುರಾಯಿತು. 1940ರಲ್ಲಿ ರಾಲಿ ಹೆಮ್ಸ್ಲೀ ಎಂಬ ಹೆಸರುವಾಸಿ ಬೇಸ್‌ಬಾಲ್ ಆಟಗಾರ ತಾನು ಎ.ಎ.ಯಿಂದ ಕುಡಿತ ಬಿಟ್ಟೆ ಅಂತ ಪತ್ರಿಕೆಗಳಿಗೆ ಹೇಳಿಬಿಟ್ಟ. ದೇಶವಿಡೀ ಸುದ್ದಿಯಾಯಿತು. ಸಂಘಕ್ಕೆ ಪ್ರಚಾರ ಸಿಕ್ಕಿತು ಅಂತ ಸ್ವತಃ ಬಿಲ್ ಕೂಡ ಊರೂರು ಸುತ್ತಿ ಹೆಸರು, ಫೋಟೋ ಸಹಿತ ಸಂದರ್ಶನ ಕೊಡತೊಡಗಿದ. ಆಮೇಲೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವನಿಗೇ ಅರ್ಥವಾಯಿತು. ಹೆಸರಿನ ರುಚಿಯೂ ಒಂದು ಅಮಲು. ಮೇಲಾಗಿ ಹೆಸರುವಾಸಿ ಸದಸ್ಯ ನಾಳೆ ಪುನಃ ಕುಡಿದು ಬಿದ್ದರೆ 'ನೋಡಿ, ಈ ಸಂಘದಿಂದ ಎಂತದೂ ಆಗುವುದಿಲ್ಲ' ಅಂತ ಹೇಳುವವರಿಗೆ ಬರಗಾಲವೆ? 1946ರಲ್ಲಿ ಬರೆಯಲ್ಪಟ್ಟು 1950ರಲ್ಲಿ ಕ್ಲೀವ್‌ಲ್ಯಾಂಡ್ ಸಮ್ಮೇಳನದಲ್ಲಿ ಅಂಗೀಕಾರವಾದ ಹನ್ನೆರಡು ಸಂಪ್ರದಾಯಗಳಲ್ಲಿ ಕೊನೆಯ ಎರಡು ಇದಕ್ಕೇ ಮೀಸಲು. ಪತ್ರಿಕೆ, ರೇಡಿಯೋ, ಸಿನಿಮಾದ ಮಟ್ಟದಲ್ಲಿ ಸದಸ್ಯನ ಹೆಸರು ಬರಬಾರದು ಎನ್ನುತ್ತದೆ ಹನ್ನೊಂದನೆಯದು. ವ್ಯಕ್ತಿಗಿಂತ ತತ್ವ ಮೇಲು ಎನ್ನುತ್ತದೆ ಹನ್ನೆರಡನೆಯದು. ಬಿಲ್‌ನ ಪೂರ್ತಿ ಹೆಸರನ್ನು ಪತ್ರಿಕೆಗಳು ದೊಡ್ಡದಾಗಿ ಅಚ್ಚು ಹಾಕಿದ್ದು 1971ರ ಜನವರಿಯಲ್ಲಿ ಅವನು ತೀರಿಕೊಂಡ ಮೇಲೆ. ಭಾರತಕ್ಕೆ ಎ.ಎ. ಬಂದದ್ದು 1957ರಲ್ಲಿ. ಮಾದಕ ದ್ರವ್ಯದವರಿಗೆ 1953ರಲ್ಲಿ ಹುಟ್ಟಿದ ನಾರ್ಕೊಟಿಕ್ಸ್ ಅನಾನಿಮಸ್ ಉಂಟು, ಮನೆಯವರಿಗೆ 1951ರ ಅಲ್-ಅನಾನ್ ಉಂಟು.

ಹೆಸರಿಲ್ಲ ಎಂದರೆ ಗುಟ್ಟಿನ ಸಂಘ ಅಂತ ನಮ್ಮಲ್ಲಿ ತಪ್ಪು ತಿಳಿದವರಿದ್ದಾರೆ. ಹಾಗಲ್ಲ. ತಾನು ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ ಅಂತ ಸದಸ್ಯನೊಬ್ಬ ನೆಂಟರಿಗೆ, ಗೆಳೆಯರಿಗೆ, ಡಾಕ್ಟರಿಗೆ ಧಾರಾಳವಾಗಿ ಹೇಳಬಹುದು. ಅದು ಅವನ ಕತೆ, ಅವನ ಇಷ್ಟ. ಹೇಳಬಾರದ್ದು ಪಕ್ಕದ ಕುರ್ಚಿಯವನ ಕತೆ. ಕೋಣೆಯೊಳಗೆ ಯಾರನ್ನು ಕಂಡೆ, ಅವನು ಎಂತ ಹೇಳಿದ ಎಂಬುದು ಕೋಣೆಯಲ್ಲೇ ಉಳಿಯಬೇಕು. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ವ್ಯಸನಿಗಳು ಮಾತ್ರ ಕೂರುವ ಮುಚ್ಚಿದ ಸಭೆ ಒಂದು ಬಗೆ, ಯಾರು ಬೇಕಾದರೂ ಬಂದು ಕೇಳಬಹುದಾದ ತೆರೆದ ಸಭೆ ಇನ್ನೊಂದು ಬಗೆ. ಎರಡನೆಯದಕ್ಕೆ ಹೋಗುವವರು ಅಲ್ಲಿ ಹೊರಗಿನವರೂ ಇರುತ್ತಾರೆ ಎಂಬುದನ್ನು ತಿಳಿದೇ ಬಾಯಿ ತೆರೆಯಬೇಕು.

ಊರಿನ ಕಣ್ಣು ಬೇಲಿಯಾದಾಗ

ನಮ್ಮ ಕಡೆ ಇದಕ್ಕಿಂತ ಹೆಚ್ಚು ಜನರಿಗೆ ಗೊತ್ತಿರುವುದು ಇದಕ್ಕೆ ತದ್ವಿರುದ್ಧವಾದ ದಾರಿ. ಶ್ರೀಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ದಕ್ಷಿಣ ಕನ್ನಡ, ಉಡುಪಿಯಂತೆ ಗಡಿ ದಾಟಿ ಕಾಸರಗೋಡಿನಲ್ಲೂ ಪರಿಚಿತ. ಯಾವುದೋ ಸಭಾಭವನದಲ್ಲಿ ಸುಮಾರು ಒಂದು ವಾರ ವಾಸ, ವೈದ್ಯಕೀಯ ತಪಾಸಣೆ, ಯೋಗ, ಭಜನೆ, ಸಲಹೆ, ಮನೆಯವರನ್ನು ಕರೆಸುವ ದಿನ, ಕೊನೆಗೆ ಹತ್ತು ಜನರ ಎದುರು ಸಂಕಲ್ಪ. ಶಿಬಿರ ಮುಗಿದವರನ್ನು 'ನವಜೀವನ ಸಮಿತಿ' ಮಾಡಿ ಮುಂದೆಯೂ ಸೇರಿಸುತ್ತಾರೆ. ಇಲ್ಲಿ ಊರಿನ ಕಣ್ಣೇ ಬೇಲಿ. ಎಲ್ಲರೆದುರು ಬಿಟ್ಟೆ ಅಂದವನಿಗೆ ಅಂಗಡಿಯ ಮುಂದೆ ನಿಲ್ಲಲು ಕಾಲು ಬರುವುದಿಲ್ಲ, ಗ್ಲಾಸು ಹಿಡಿಸಲು ಗೆಳೆಯರಿಗೂ ಸಂಕೋಚ.

ಈ ದಾರಿಯನ್ನು ಹಗುರವಾಗಿ ನೋಡಬಾರದು. ಕೂಲಿ ಮಾಡುವವ, ಕುಡಿಯುತ್ತಾನೆ ಅಂತ ಮೊದಲೇ ಊರಿಗೆಲ್ಲ ಗೊತ್ತಿರುವವ, ಮನೆಯಲ್ಲಿ ದಿನಾ ಗಲಾಟೆ ಮಾಡಿ ನೆರೆಕರೆಯವರ ಬಾಯಿಗೆ ಬಿದ್ದವ, ಇಂಥವರಿಗೆ ಮುಚ್ಚಿಡಲು ಉಳಿದದ್ದಾದರೂ ಏನು? ಅವರಿಗೆ ಬೇಕಾದ್ದು ಕಳೆದುಹೋದ ಮಾನ ಪುನಃ ಸಿಗುವುದು. ಮಾನ ಹೋದದ್ದು ಊರಿನೆದುರು, ಆದ್ದರಿಂದ ಅದು ಬರಬೇಕಾದ್ದೂ ಊರಿನೆದುರೇ. ಹೆಂಡತಿಗೆ ಕೂಡ ಗಂಡ ವೇದಿಕೆಯ ಮುಂದೆ ಕೂತದ್ದು ಒಂದು ಧೈರ್ಯ. 'ಇವರು ಬಿಟ್ಟಿದ್ದಾರೆ' ಅಂತ ಅವಳಿಗೂ ತವರಿನಲ್ಲಿ ತಲೆ ಎತ್ತಿ ಹೇಳಬಹುದು.

ತೊಂದರೆ ಬರುವುದು ಜಾರಿದಾಗ. ಕುಡಿತ ಬಿಡುವ ದಾರಿಯಲ್ಲಿ ಜಾರುವುದು ಅಪರೂಪವಲ್ಲ, ವೈದ್ಯರು ಅದನ್ನು ಕಾಯಿಲೆಯ ಒಂದು ಭಾಗ ಅಂತಲೇ ನೋಡುತ್ತಾರೆ. ಎ.ಎ. ಕೋಣೆಗೆ ಹೋಗುವವ ಜಾರಿದರೆ ಮುಂದಿನ ವಾರ ಹೋಗಿ ಅದೇ ಕುರ್ಚಿಯಲ್ಲಿ ಕೂತು 'ಮೊನ್ನೆ ಕುಡಿದೆ' ಅಂತ ಹೇಳಿದರೆ ಮುಗಿಯಿತು. ಪುನಃ ಒಂದನೇ ದಿನದಿಂದ ಲೆಕ್ಕ ಶುರು. ಶಾಲು ಹೊದ್ದು ಫೋಟೋದಲ್ಲಿ ಬಂದವ ಜಾರಿದರೆ? ಮೊದಲು ಅವನು ಬರೇ ಕುಡುಕನಾಗಿದ್ದ, ಈಗ ಮಾತು ತಪ್ಪಿದವ. ದೇವರ ಎದುರು ಹೇಳಿದ ಮಾತಾದರೆ ಇನ್ನಷ್ಟು ಭಾರ. ಅಂಥವನು ಸಮಿತಿಯ ಸಭೆಗೆ ಯಾವ ಮುಖ ಹೊತ್ತು ಹೋಗುತ್ತಾನೆ? ನಾಚಿಕೆಯನ್ನು ಮದ್ದಾಗಿ ಬಳಸುವ ಯಾವ ಕ್ರಮಕ್ಕೂ ಈ ಅಪಾಯ ಇದ್ದದ್ದೇ. ಮದ್ದಿನ ಪ್ರಮಾಣ ಹೆಚ್ಚಾದರೆ ಅದೇ ವಿಷ.

'ಊರಿಗೇ ಗೊತ್ತಿರುವ ವಿಷಯಕ್ಕೆ ಗುಟ್ಟು ಎಂತದು ಮಾರಾಯ್ರೆ?' ಅಂತ ಕೇಳುವವರು ಒಂದು ಸಂಗತಿ ಮರೆಯುತ್ತಾರೆ. ಊರಿಗೆ ಗೊತ್ತಿರುವುದು ಅವನು ಕುಡಿಯುತ್ತಾನೆ ಎಂಬುದು ಮಾತ್ರ. ಸಭೆಯಲ್ಲಿ ಹೊರಗೆ ಬರುವುದು ಬೇರೆಯೇ. ಹೆಂಡತಿಯ ಕರಿಮಣಿ ಅಡವಿಟ್ಟದ್ದು, ಮಗಳ ಫೀಸಿನ ದುಡ್ಡು ಎತ್ತಿದ್ದು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ತಾನು ಬಾರಿನಲ್ಲಿದ್ದದ್ದು, ಸಾಯಬೇಕು ಅಂತ ಅನಿಸಿದ್ದು. ಇಂಥದ್ದನ್ನು ಹೇಳಿದಾಗಲೇ ಎದೆ ಹಗುರವಾಗುವುದು, ಆ ಹಗುರಕ್ಕಾಗಿಯೇ ಜನ ಅಲ್ಲಿಗೆ ಹೋಗುವುದು. ಇದರಲ್ಲಿ ಒಂದೇ ಒಂದು ಮಾತು ಮೀನು ಮಾರ್ಕೆಟಿಗೆ ತಲುಪಿದರೂ ಸಾಕು, ಆ ಗುಂಪು ಮುಗಿದಂತೆ. ಹೇಳಿದವನು ಮಾತ್ರವಲ್ಲ, ಇನ್ನೂ ಹೇಳದೆ ಕೂತವರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ.

ಬಾರದವರು ಯಾರು?

ಮೊದಲನೆಯವರು ಹೆಂಗಸರು. ಗಂಡಸು ಕುಡಿದರೆ ಅದು ದುರಭ್ಯಾಸ, ಹೆಂಗಸು ಕುಡಿದರೆ ಅಥವಾ ನಿದ್ದೆಮಾತ್ರೆಗೆ ಅಂಟಿಕೊಂಡರೆ ಊರು ಅವಳ ನಡತೆಯ ಮೇಲೆಯೇ ತೀರ್ಪು ಕೊಡುತ್ತದೆ. ಶಿಬಿರದ ಫೋಟೋದಲ್ಲಿ ಹೆಂಗಸರು ಹೆಂಡತಿಯರಾಗಿ ಕಾಣಿಸುತ್ತಾರೆಯೇ ಹೊರತು ಶಿಬಿರಾರ್ಥಿಗಳಾಗಿ ಕಾಣಿಸುವುದು ಎಲ್ಲಿ? ಆಮೇಲೆ ಶಾಲೆಯ ಮಾಸ್ಟ್ರು, ಬ್ಯಾಂಕಿನವರು, ಪೂಜೆಗೆ ಹೋಗುವವರು, ಬಸ್ಸು ಓಡಿಸುವವರು. ಇವರ ಅನ್ನವೇ ಊರಿನ ನಂಬಿಕೆಯ ಮೇಲೆ ನಿಂತಿದೆ. ಬಿಟ್ಟಿದ್ದಾನೆ ಎಂಬ ಸುದ್ದಿ ಕೂಡ ಇವರಿಗೆ ಮುಳುವೇ, ಯಾಕೆಂದರೆ 'ಹಾಗಾದರೆ ಮೊದಲು ಇತ್ತು' ಎಂಬುದು ಅದರೊಳಗೇ ಉಂಟು.

ಇನ್ನು ಮದುವೆಯ ಪ್ರಾಯದ ಹುಡುಗರು. ಸಂಬಂಧ ಕುದುರುವ ಮೊದಲು ಊರಿನ ಪರಿಚಯದವರಿಗೆ ಫೋನು ಮಾಡಿ ವಿಚಾರಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. 'ಹುಡುಗ ಹೇಗೆ ಭಾವ?' 'ಹುಡುಗ ಒಳ್ಳೆಯವನೇ. ಆದ್ರೆ ಮೊದಲು ಎಂತದೋ ಕ್ಲಾಸಿಗೆಲ್ಲ ಹೋಗ್ತಿದ್ದ ಅಂತ ಸುದ್ದಿ ಉಂಟು. ನನಗೆ ಸರಿ ಗೊತ್ತಿಲ್ಲ, ನೀವು ಕೇಳಿದ್ದಕ್ಕೆ ಹೇಳಿದ್ದು.' ಅಷ್ಟೇ. ಮಾತು ಕಡಿದುಹೋಗುತ್ತದೆ. ಕುಡಿಯುತ್ತಲೇ ಇದ್ದು ಸಿಕ್ಕಿಬೀಳದ ಹುಡುಗನಿಗೆ ಹೆಣ್ಣು ಸಿಗುತ್ತದೆ, ಬಿಡಲು ಹೋದವನಿಗೆ ಸಿಗುವುದಿಲ್ಲ. ತಂದೆತಾಯಿ ಮಗನನ್ನು ಎಲ್ಲಿಗೂ ಕಳಿಸದೆ ಮನೆಯಲ್ಲೇ ಹರಕೆ, ಬೈಗುಳ, ಕಣ್ಣೀರಿನಲ್ಲಿ ದಿನ ದೂಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ.

ಹೆಂಡತಿಯರ ಗುಂಪುಗಳಲ್ಲೂ ಇದೇ ಕತೆ. ಅಲ್ಲಿ ಒಬ್ಬಾಕೆ ಗಂಡನ ಬಗ್ಗೆ ಹೇಳಿದ ಮಾತು ಇನ್ನೊಬ್ಬಾಕೆಯ ಮೂಲಕ ಗಂಡನ ಕಿವಿಗೇ ತಲುಪಿದರೆ ಆ ರಾತ್ರಿ ಆ ಮನೆಯಲ್ಲಿ ಆಗುವುದು ಎಂತ ಅಂತ ಬಿಡಿಸಿ ಬರೆಯಬೇಕೆ? ಕುಡಿದವನ ಹೆಸರು ಕಾಯುವುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಅವನ ಮನೆಯವರು ಆಡಿದ ಮಾತನ್ನು ಕಾಯಬೇಕಾಗುತ್ತದೆ.

ಮೂರನೇ ಕಿವಿ

ಗಡಿನಾಡ ಕನ್ನಡಿಗನಿಗೆ ಮಾತ್ರ ಇರುವ ಒಂದು ತೊಡಕು ಭಾಷೆ. ಕೇರಳ ಸರಕಾರ 2016ರಲ್ಲಿ 'ವಿಮುಕ್ತಿ' ಯೋಜನೆ ಆರಂಭಿಸಿ ಆಮೇಲೆ ಜಿಲ್ಲೆಗೊಂದರಂತೆ ವ್ಯಸನಮುಕ್ತಿ ಕೇಂದ್ರ ತೆರೆಯಿತು. ಒಳ್ಳೆಯ ಕೆಲಸವೇ. ಕಾಸರಗೋಡು ಜಿಲ್ಲೆಯ ಕೇಂದ್ರ ಬಂದದ್ದು ನೀಲೇಶ್ವರದ ತಾಲೂಕು ಆಸ್ಪತ್ರೆಗೆ, ಅಂದರೆ ಜಿಲ್ಲೆಯ ತೆಂಕು ತುದಿಗೆ. ಕನ್ನಡಿಗರು ಹೆಚ್ಚಾಗಿರುವ ಮಂಜೇಶ್ವರ ಬಡಗು ತುದಿ. ನಡುವೆ ಅರುವತ್ತು ಕಿಲೋಮೀಟರಿಗೂ ಹೆಚ್ಚು ದಾರಿ.

ದಾರಿ ಹೋಗಲಿ, ಬಸ್ಸು ಉಂಟು, ರೈಲು ಉಂಟು. ಮಾತಿನದ್ದು ಹೇಗೆ? ಮಲಯಾಳದಲ್ಲಿ 'ಲಹರಿ' ಎಂದರೆ ಅಮಲು. ಲಹರಿ ಅಂದಕೂಡಲೇ ನಮಗೆ ನೆನಪಾಗುವುದು ಹಾಡು, ಮನಸ್ಸಿನ ಲಹರಿ. ಬಾಗಿಲಿನ ಬೋರ್ಡಿನಿಂದಲೇ ಅರ್ಥ ಹೀಗೆ ಹೊರಳುತ್ತದೆ. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು, ಬಸ್ಸಿನಲ್ಲಿ ಜಗಳ ಮಾಡುವಷ್ಟು ಮಲಯಾಳ ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ಆದರೆ ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಟಿಯೋ ಆಡಿ ಕನ್ನಡದಲ್ಲಿ ಓದಿದವನು ತನ್ನ ಬದುಕು ಹಾಳಾದ ಕತೆಯನ್ನು ಮೂರನೇ ಭಾಷೆಯಲ್ಲಿ ಹೇಗೆ ಹೇಳುತ್ತಾನೆ? ಆಗ ಜತೆಗೆ ಬಂದ ಅಣ್ಣನೋ ಭಾವನೋ ನೆರೆಮನೆಯವನೋ ನಡುವೆ ಕೂತು ಅನುವಾದ ಮಾಡಬೇಕು. ಅಂದರೆ ಕೋಣೆಯಲ್ಲಿ ಮೂರನೇ ಕಿವಿ ಬಂತು. ಅಣ್ಣನ ದುಡ್ಡು ಕದ್ದದ್ದನ್ನು ಅಣ್ಣನ ಬಾಯಿಯಿಂದಲೇ ಡಾಕ್ಟರಿಗೆ ಹೇಳಿಸಬೇಕಾದ ಸ್ಥಿತಿ.

ಕೇರಳದಲ್ಲಿ ಅಲ್ಪಸಂಖ್ಯಾಕ ಭಾಷಿಕರಾದ ನಮಗೆ ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ರಾಜ್ಯದ ಕಾಯಿದೆಯೇ ಕೊಟ್ಟಿದೆ. ನಾವು ಅದನ್ನು ಅರ್ಜಿ ನಮೂನೆ, ಬೋರ್ಡು, ಪಿಎಸ್‌ಸಿ ಪರೀಕ್ಷೆ, ಶಾಲೆಯ ಅಧ್ಯಾಪಕರ ನೇಮಕದ ಪ್ರಶ್ನೆಯಾಗಿ ಮಾತ್ರ ನೋಡಿದ್ದೇವೆ. ವ್ಯಸನಮುಕ್ತಿ ಕೇಂದ್ರದಲ್ಲಿ ಕನ್ನಡ, ತುಳು ಬಲ್ಲ ಸಲಹೆಗಾರ ಬೇಕು ಎಂಬುದು ಭಾಷಾಭಿಮಾನದ ಬೇಡಿಕೆಯಲ್ಲ, ರೋಗಿಯ ಗುಟ್ಟು ಉಳಿಸುವ ಬೇಡಿಕೆ. ನಮ್ಮ ಸಂಘಟನೆಗಳ ಮನವಿಪತ್ರಗಳಲ್ಲಿ ಇದಕ್ಕೂ ಒಂದು ಸಾಲು ಬೇಕು.

ಹಾಗಾಗಿ ಮಂಜೇಶ್ವರ, ಉಪ್ಪಳದ ಕಡೆಯವರು ಎಲ್ಲದಕ್ಕೂ ಮಾಡುವುದನ್ನೇ ಇದಕ್ಕೂ ಮಾಡುತ್ತಾರೆ, ತಲಪಾಡಿ ದಾಟುತ್ತಾರೆ. ಮಂಗಳೂರು ಹತ್ತಿರ, ಭಾಷೆ ನಮ್ಮದು, ಆಸ್ಪತ್ರೆಗಳು ಬೇಕಾದಷ್ಟು, ಎ.ಎ. ಸಭೆಗಳೂ ಉಂಟು. ಎಲ್ಲಕ್ಕಿಂತ ದೊಡ್ಡ ಅನುಕೂಲ ಅಂದರೆ ಅಲ್ಲಿ ನಮ್ಮನ್ನು ಯಾರಿಗೂ ಗೊತ್ತಿಲ್ಲ. 'ಪೇಟೆಗೆ ಹೋಗಿ ಬರ್ತೇನೆ' ಅಂದರೆ ಮನೆಯಲ್ಲೂ ಹೆಚ್ಚು ಕೇಳುವುದಿಲ್ಲ. ಊರಲ್ಲಿ ಸಿಗದ ಅನಾಮಧೇಯತೆಯನ್ನು ಬಸ್ ಟಿಕೆಟು ಕೊಟ್ಟು ಕೊಂಡುಕೊಂಡ ಹಾಗೆ. ಆದರೆ ಆ ದಾರಿ ಎಷ್ಟು ತೆಳ್ಳಗಿನದ್ದು ಎಂಬುದನ್ನು 2020ರ ಮಾರ್ಚ್ ತೋರಿಸಿತು. ಕೊರೋನಾ ಕಾಲದಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ತುರ್ತು ರೋಗಿಗಳಿಗೇ ದಾರಿ ಸಿಗದೆ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಹಾಗಿರುವಾಗ ವಾರಕ್ಕೊಮ್ಮೆ ಸಭೆಗೆ ಹೋಗುವವನ ಪಾಡು ಯಾರಿಗೆ ಬೇಕಿತ್ತು?

ಆ ದಿನಗಳಲ್ಲಿ ಎಲ್ಲೆಡೆಯ ಸಭೆಗಳು ಫೋನಿಗೆ ಬಂದವು. ದೂರದವರಿಗೆ ಅದರಿಂದ ಉಪಕಾರವೇ ಆಯಿತು, ಆದರೆ ಬೇರೆ ಬಾಗಿಲುಗಳೂ ತೆರೆದುಕೊಂಡವು. ಸಾಮಾನ್ಯ ವಾಟ್ಸಾಪ್ ಗ್ರೂಪಿಗೆ ಸೇರಿಸಿದ ಕೂಡಲೇ ಒಬ್ಬನ ನಂಬರು ಉಳಿದವರಿಗೆಲ್ಲ ಕಾಣುತ್ತದೆ. ಫೋಟೋದಲ್ಲಿ ಮಗುವಿನ ಮುಖ, ಹೆಸರಿನ ಜಾಗದಲ್ಲಿ ಅಂಗಡಿಯ ಹೆಸರು ಹಾಕಿದವನು ಎಷ್ಟು ಅನಾಮಧೇಯ? ವೀಡಿಯೋ ಸಭೆಯಲ್ಲಿ ಒಬ್ಬನ ಹಿಂದೆ ಯಾರು ನಿಂತು ಕೇಳುತ್ತಿದ್ದಾರೆ ಅಂತ ಉಳಿದವರಿಗೆ ಕಾಣುವುದಿಲ್ಲ.

ಕಾನೂನಿನ ಕೊಡೆ ಎಷ್ಟಗಲ?

ಕಾನೂನು ಪೂರ್ತಿ ಕೈಬಿಟ್ಟಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ, ಮಾದಕ ದ್ರವ್ಯದ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಯನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿತು. ಅದರ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಕೊಡುವವರು ರೋಗಿಯ ವಿಷಯ ಹೊರಗೆ ಹೇಳುವಂತಿಲ್ಲ. ಜೀವಾಪಾಯ, ಕೋರ್ಟಿನ ಆದೇಶದಂಥ ಕೆಲವು ವಿನಾಯಿತಿಗಳು ಮಾತ್ರ. ಕೇಂದ್ರದಲ್ಲಿ ಚಿಕಿತ್ಸೆಯಲ್ಲಿರುವವನ ಫೋಟೋವನ್ನು ಅವನ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎನ್ನುತ್ತದೆ 24ನೇ ಸೆಕ್ಷನ್.

ಆದರೆ ಈ ಕೊಡೆ ಇರುವುದು ಡಾಕ್ಟರು, ನರ್ಸು, ಸಲಹೆಗಾರ, ಕೇಂದ್ರ ಇವುಗಳ ಮೇಲೆ. ಸಭಾಭವನದಲ್ಲಿ ವೃತ್ತವಾಗಿ ಕೂತ ಹತ್ತು ಮಂದಿ ಸದಸ್ಯರ ನಡುವೆ ಅಂಥ ಕಾನೂನಿನ ಕರಾರು ಇಲ್ಲ, ಅಲ್ಲಿರುವುದು ಬಾಯಿಮಾತಿನ ನಂಬಿಕೆ. ಕೋರ್ಟು ಕರೆದರೆ? ವಕೀಲನಿಗೂ ಕಕ್ಷಿಗಾರನಿಗೂ ನಡುವಿನ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಉಂಟು, ಒಡನಾಡಿ ವ್ಯಸನಿಗೆ ಹೇಳಿದ ಮಾತಿಗೆ ಇಲ್ಲ. ಅಮೆರಿಕದಲ್ಲೇ ಇಂಥದ್ದೊಂದು ಪ್ರಕರಣ ನಡೆಯಿತು. 1988ರಲ್ಲಿ ನ್ಯೂಯಾರ್ಕ್ ಬಳಿ ದಂಪತಿಯನ್ನು ಕೊಂದವನೊಬ್ಬ ಆಮೇಲೆ ಎ.ಎ. ಸೇರಿ ಸದಸ್ಯರ ಹತ್ತಿರ ಅದನ್ನು ಹೇಳಿಕೊಂಡ. ಅವರ ಸಾಕ್ಷ್ಯದ ಮೇಲೆ ಶಿಕ್ಷೆಯಾಯಿತು. ಪಾದ್ರಿಯ ಮುಂದೆ ಮಾಡಿದ ನಿವೇದನೆಗೆ ಇರುವ ರಕ್ಷಣೆ ಇದಕ್ಕೂ ಉಂಟು ಎಂದು ಕೆಳಗಿನ ಫೆಡರಲ್ ಕೋರ್ಟು ಒಪ್ಪಿದರೂ 2002ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು. ನಮ್ಮಲ್ಲಿ ಪೋಕ್ಸೋ ಕಾಯಿದೆ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ಯಾರಿಗೆ ತಿಳಿದರೂ ಪೊಲೀಸರಿಗೆ ತಿಳಿಸಲೇಬೇಕು, ಎಲ್ಲಿ ಕೇಳಿದ್ದು ಎಂಬುದು ನೆಪವಾಗುವುದಿಲ್ಲ. ಹಾಗೆಯೇ ಇರಬೇಕು ಕೂಡ. ಹೆಸರು ಕಾಯುವುದು ವ್ಯಸನಿಗಾಗಿ, ಮಗುವಿನ ಮೈಮುಟ್ಟಿದವನಿಗಾಗಿ ಅಲ್ಲ.

ಮಾದಕ ದ್ರವ್ಯದ ವಿಷಯದಲ್ಲಿ ಮನೆಯವರಿಗೆ ನಾಚಿಕೆಗಿಂತ ದೊಡ್ಡ ಹೆದರಿಕೆ ಕೇಸಿನದ್ದು. ಚಿಕಿತ್ಸೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತದೆ, ಹುಡುಗನ ಗಲ್ಫಿನ ದಾರಿ ಮುಚ್ಚುತ್ತದೆ ಎಂಬ ಲೆಕ್ಕಾಚಾರ. 1985ರ ಎನ್‌ಡಿಪಿಎಸ್ ಕಾಯಿದೆಯಲ್ಲಿ 64ಎ ಎಂಬ ಸೆಕ್ಷನ್ ಉಂಟು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಸರಕಾರದ ಮಾನ್ಯತೆಯ ಆಸ್ಪತ್ರೆ, ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಅಪರಾಧಕ್ಕೆ ವಿಚಾರಣೆಯಿಂದ ಅವನಿಗೆ ರಕ್ಷಣೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆಯೂ ಹೋಗಬಹುದು. ಮಾರುವವನಿಗೆ, ದೊಡ್ಡ ಪ್ರಮಾಣ ಇಟ್ಟುಕೊಂಡವನಿಗೆ ಇದು ಅನ್ವಯಿಸುವುದಿಲ್ಲ. ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಕಾನೂನಿನ ರಕ್ಷಣೆ ಬೇಕಾದರೆ ದಾಖಲೆಯಲ್ಲಿ ಹೆಸರು ಬರೆಸಲೇಬೇಕು. ಹೆಸರೇ ಕೇಳದ ಗುಂಪಿಗೆ ಎಷ್ಟು ವರ್ಷ ಹೋದರೂ ಈ ರಕ್ಷಣೆ ಸಿಗದು. ಎರಡರಲ್ಲಿ ಯಾವುದು ಯಾವಾಗ ಅಂತ ವಕೀಲರನ್ನು ಕೇಳಿ ತೀರ್ಮಾನಿಸುವುದೇ ಜಾಣತನ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಬಗ್ಗೆ ದೊಡ್ಡ ನಿರೀಕ್ಷೆ ಇಟ್ಟುಕೊಂಡವರಿದ್ದಾರೆ. ಒಬ್ಬ ವ್ಯಕ್ತಿ ಸ್ವಂತಕ್ಕೆ, ಮನೆಮಟ್ಟಿಗೆ ಬಳಸುವ ಮಾಹಿತಿಯನ್ನು ಅದು ಹೊರಗಿಟ್ಟಿದೆ. ಅಂದ ಮೇಲೆ ಕುಟುಂಬದ ವಾಟ್ಸಾಪ್ ಗ್ರೂಪಿನ ಹರಟೆಗೆ ಅದರ ಕೈ ತಲುಪುವುದು ಕಷ್ಟ.

ಪತ್ರಿಕೆಯ ಪಾಲು

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಕಾನೂನು ಕಟ್ಟುನಿಟ್ಟು. 2015ರ ಬಾಲನ್ಯಾಯ ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ಪ್ರಕರಣದಲ್ಲಿ ಸಿಕ್ಕಿದ ಮಗುವಿನ ಹೆಸರು, ವಿಳಾಸ, ಶಾಲ��, ಗುರುತು ಹಿಡಿಯಬಹುದಾದ ಯಾವುದನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳ ತನಕ ಸಜೆ, ಎರಡು ಲಕ್ಷ ರೂಪಾಯಿ ತನಕ ದಂಡ ವಿಧಿಸಬಹುದು. ಹೆಸರು ಬಿಟ್ಟು 'ಇಂಥ ಪಂಚಾಯತಿನ ಇಂಥ ಶಾಲೆಯ ಹತ್ತನೇ ತರಗತಿಯ ವಿದ್ಯಾರ್ಥಿ' ಅಂತ ಬರೆದರೆ ಕಾನೂನು ಪಾಲಿಸಿದಂತಾಗುವುದಿಲ್ಲ. ಆ ತರಗತಿಯಲ್ಲಿರುವುದೇ ಮೂವತ್ತು ಮಕ್ಕಳು.

ದೊಡ್ಡವರ ವಿಷಯದಲ್ಲಿ ಸಂಪಾದಕರ ವಿವೇಚನೆಯೇ ಮುಖ್ಯ. ಮಾರಿದವನ ಹೆಸರು ಬರಲಿ, ಅದರಿಂದ ಊರಿಗೆ ಉಪಯೋಗ ಉಂಟು. ಸೇವಿಸಿ ಸಿಕ್ಕಿದ ಹುಡುಗನ ಹೆಸರು, ಮನೆಹೆಸರು, ತಂದೆಯ ಹೆಸರು ಸಹಿತ ಹಾಕುವುದರಿಂದ ಆಗುವುದು ಒಂದೇ, ಅವನಿಗೆ ಹಿಂದೆ ಬರುವ ದಾರಿ ಮುಚ್ಚುತ್ತದೆ. ಶಿಬಿರದ ವರದಿಗಾದರೂ ಸಾಲಾಗಿ ಕೂತವರ ಮುಖ ಬೇಕಾಗಿಲ್ಲ. ಬೆನ್ನ ಕಡೆಯಿಂದ ತೆಗೆದ ಫೋಟೋದಲ್ಲೂ ಸಭೆ ತುಂಬಿದ್ದು ಕಾಣುತ್ತದೆ. ವೇದಿಕೆಯ ಗಣ್ಯರ ಮುಖ ಹೇಗೂ ಎದುರಿಗೇ ಇರುತ್ತದೆ, ಅವರಿಗೆ ಬೇಸರವಾಗಲಿಕ್ಕಿಲ್ಲ.

ಶಿಬಿರ ನಡೆಸುವವರಿಗೂ ದೊಡ್ಡ ಬದಲಾವಣೆ ಬೇಕಾಗಿಲ್ಲ. ಸೇರುವ ದಿನವೇ, ಬೇರೆಯಾಗಿ ಕರೆದು, ಫೋಟೋಕ್ಕೆ ಒಪ್ಪಿಗೆ ಉಂಟೋ ಇಲ್ಲವೋ ಅಂತ ಕೇಳಬಹುದು. ಎಲ್ಲರೆದುರು ಕೇಳಿದರೆ ಬೇಡ ಅನ್ನಲಿಕ್ಕೂ ಧೈರ್ಯ ಬೇಕು. ಒಪ್ಪಿದವರು ಮುಂದಿನ ಸಾಲಿನಲ್ಲಿ ಕೂರಲಿ, ಶಾಲು ಹೊದೆಯಲಿ, ಅನುಭವ ಹೇಳಲಿ. ಒಪ್ಪದವರಿಗೆ ಸಮಾರೋಪದ ಹಿಂದಿನ ದಿನ ಮನೆಗೆ ಹೋಗುವ ಅವಕಾಶ ಇರಲಿ. ಹೆಂಗಸರಿಗೆ ಬೇರೆಯೇ ವ್ಯವಸ್ಥೆ ಬೇಕು, ಅದೂ ಊರಿನಿಂದ ಸ್ವಲ್ಪ ದೂರದಲ್ಲಿ. ಗುಂಪಿನ ಸಭೆಯನ್ನು ರಿಕ್ಷಾ ಸ್ಟ್ಯಾಂಡಿನ ಎದುರಿನ ಹಾಲ್‌ನಲ್ಲಿ ಇಡುವ ಬದಲು ಟೈಲರಿಂಗ್ ಕ್ಲಾಸು, ಸಂಗೀತ ಕ್ಲಾಸು, ಗ್ರಂಥಾಲಯ ಎಲ್ಲ ಇರುವ ಕಟ್ಟಡದಲ್ಲಿ ಇಟ್ಟರೆ ಒಳಗೆ ಹೋದವನು ಎಂತಕ್ಕೆ ಹೋದ ಅಂತ ಯಾರಿಗೆ ಗೊತ್ತಾಗುತ್ತದೆ?

ಸದ್ಯಕ್ಕೆ ಮನೆಯಿಂದಲೇ ಕೇಳಿ ತಿಳಿಯಬೇಕೆನ್ನುವವರಿಗೆ ಮೂರು ದೂರವಾಣಿ ಸಂಖ್ಯೆಗಳು ಉಂಟು. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಕೇರಳದ ವಿಮುಕ್ತಿಯದ್ದು 14405, 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416. ಕೊನೆಯದರಲ್ಲಿ ಭಾಷೆ ಆರಿಸಿಕೊಳ್ಳುವ ಅವಕಾಶ ಇದ್ದು ಕನ್ನಡವೂ ಅದರಲ್ಲಿದೆ. ಫೋನು ಮಾಡುವಾಗ ಮೊದಲು ಭಾಷೆ ಕೇಳಿ, ಆಮೇಲೆ ನಾವು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ, ಯಾರಿಗೆ ತೋರಿಸುತ್ತೀರಿ ಅಂತಲೂ ಕೇಳಿ. ಉತ್ತರ ಸರಿ ಅನಿಸಿದ ಮೇಲೆ ಹೆಸರು ಹೇಳಿದರೆ ಸಾಕು.